ಹಳೇ ಪದ್ಮಿನಿಗೆ ಎಸಿ: ದೊಡ್ಡ ಕಂಪ್ರೆಸರ್, ಬ್ಯಾಟರಿ ಎಸಿ, ಚಿಕ್ಕ ಕಂಪ್ರೆಸರ್

ಮೊದಲೇ ಹೇಳಿಬಿಡುತ್ತೇನೆ. ಹಳೇ ಪದ್ಮಿನಿ ಕಾರಿಗೆ ಎಸಿ ಹಾಕಿಸುವುದಾದರೆ ಚಿಕ್ಕ ಕಂಪ್ರೆಸರ್ (ಇಂಜಿನ್ ತಿರುಗಿಸುವ, ಎಸಿ ಗ್ಯಾಸ್ ಒತ್ತುವ ಪಂಪು), ತೆಳು ಕಂಡೆನ್ಸರ್ (ರೇಡಿಯೇಟರ್ ಮುಂದೆ ಕೂತು ಆ ಗ್ಯಾಸಿನ ಬಿಸಿ ಹೊರಗೆ ಬಿಡುವ ಜಾಲರಿ), ಅದರ ಮುಂದೆ ಒಂದು ಕರೆಂಟಿನ ಫ್ಯಾನು. ಉಳಿದೆರಡು ದಾರಿಯನ್ನೂ ನೋಡಿಯಾಗಿದೆ. ಹಾಗಂತ ಇದನ್ನೂ ಸುಮ್ನೆ ತಂದು ಬೋಲ್ಟ್ ಹಾಕಿ ಕೂರಿಸಿದರೆ ಇಂಜಿನ್ ಕುದಿಯುವುದು ಗ್ಯಾರಂಟಿ. ಅದರ ಕಥೆ ಮುಂದೆ ಬರುತ್ತದೆ.

ನನ್ನದು 1974ರ ಗಾಡಿ. 1089 ಸಿಸಿ, ಹೊಸದಿದ್ದಾಗಲೇ 40 ಹಾರ್ಸ್ ಪವರ್ ಆಸುಪಾಸು. ಈಗ ಎಷ್ಟು ಉಳಿದಿದೆಯೋ ಅದಕ್ಕೇ ಗೊತ್ತು. ನಮ್ಮ ಮನೆ ಶಿರಸಿಯಲ್ಲಿ, ತಂಗಿ ಇರುವುದು ಕಾರವಾರದಲ್ಲಿ. ಶಿರಸಿಯಲ್ಲಿ ಎಸಿ ಯಾರಿಗೆ ಬೇಕು? ತೊಂದರೆ ಇರುವುದು ದೇವಿಮನೆ ಘಟ್ಟ ಇಳಿದು ಕರಾವಳಿ ಮುಟ್ಟಿದ ಮೇಲೆ. ಮೇ ತಿಂಗಳ ಸೆಖೆ ನಮ್ಮ ಆಯಿಗೆ (ತಾಯಿಗೆ) ತಡೆಯುವುದಿಲ್ಲ. ಕರಾವಳಿಯಲ್ಲಿ ಎಸಿ ಗಾಳಿಯನ್ನು ತಣ್ಣಗೆ ಮಾಡಿದರೆ ಸಾಲದು, ಅದರಲ್ಲಿರುವ ನೀರನ್ನೂ ಇಳಿಸಬೇಕು. ಅಷ್ಟೇ ಬಿಸಿಲಿದ್ದರೂ ಹುಬ್ಬಳ್ಳಿಗಿಂತ ಕುಮಟಾದಲ್ಲಿ ಅದಕ್ಕೆ ಕೆಲಸ ಜಾಸ್ತಿ.

ಮೊದಲು ಹಾಕಿಸಿದ್ದು ದೊಡ್ಡ ಕಂಪ್ರೆಸರ್. ಐದು ಪಿಸ್ಟನ್ನಿನ, 138 ಸಿಸಿಯ 508 ಮಾದರಿ. ಹಳೇ ಕಾಲದ ಹಾಗೆ ಡ್ಯಾಶ್‌ಬೋರ್ಡಿನ ಕೆಳಗೆ ತಂಪು ಗಾಳಿ ಬಿಡುವ ಪೆಟ್ಟಿಗೆ, ಮುಂದೆ ದಪ್ಪ ಕಂಡೆನ್ಸರ್, ಗಾಳಿ ಎಳೆಯಲು ಇಂಜಿನ್ನಿನದೇ ಫ್ಯಾನು. ತಂಪು ಅಂದರೆ ತಂಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ನಾಲ್ಕು ಹಾರ್ಸ್ ಪವರ್ ಅದೇ ನುಂಗುತ್ತದೆ. 40ರಲ್ಲಿ ಅಷ್ಟು ಹೋದರೆ ಉಳಿಯುವುದೇನು? ಕತಗಾಲ ದಾಟಿ ಘಟ್ಟ ಹತ್ತುವಾಗ ಎರಡನೇ ಗೇರ್ ಬಿಟ್ಟು ಮೇಲೆ ಹೋಗಲು ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಗಾಡಿಯೊಳಗಿನ ಬಿಸಿ, ಕಂಪ್ರೆಸರಿನ ಬಿಸಿ, ಎರಡೂ ಕಂಡೆನ್ಸರಿನಿಂದ ನೇರ ರೇಡಿಯೇಟರ್ ಮುಖಕ್ಕೇ ಬಡಿಯುತ್ತವೆ. ಅರ್ಧ ಘಟ್ಟಕ್ಕೆ ಎಸಿ ಬಂದ್. ಆಯಿ ಕಿಟಕಿ ಇಳಿಸಿ, "ತಮಾ, ಇದಕ್ಕಿಂತ ಕಿಟಕಿ ಗಾಳಿನೇ ಅಡ್ಡಿಲ್ಲೆ" ಅಂದಳು.

ಎರಡನೆಯದು ಬ್ಯಾಟರಿ ಎಸಿ. ಲಾರಿಯವರು ರಾತ್ರಿ ನಿಲ್ಲಿಸಿ ಮಲಗಲು ಹಾಕಿಸಿಕೊಳ್ಳುತ್ತಾರಲ್ಲ, ಅಂಥದ್ದು, 12 ವೋಲ್ಟಿನದು. ಭಾವ ತನ್ನ ಅಂಬಾಸಿಡರ್‌ಗೆ ಹಾಕಿಸಿದ್ದ, ನಾನೂ ಓಡಿಸಿ ನೋಡಿದೆ. ಇದರ ಬಿಸಿ ರೇಡಿಯೇಟರಿಗೆ ತಾಗುವುದಿಲ್ಲ, ಅದೊಂದು ಒಳ್ಳೆಯದು. ಆದರೆ 50 ಆಂಪಿಯರ್ ಹತ್ತಿರ ಎಳೆಯುತ್ತದೆ. ಹಳೇ ಡೈನಮೋ ಕೊಡುವುದು ಇಪ್ಪತ್ತು ಚಿಲ್ಲರೆ. ಅದರ ಬದಲು ಹೆಚ್ಚು ಕರೆಂಟು ಕೊಡುವ ದೊಡ್ಡ ಆಲ್ಟರ್ನೇಟರ್ ಹಾಕಿಸಿದರೂ ಅದನ್ನು ತಿರುಗಿಸಬೇಕಾದದ್ದು ಅದೇ ಇಂಜಿನ್ ಅಲ್ವಾ? ಭಾವನದು ಚಾವಣಿ ಮೇಲೆ ಕೂರುವ ಮಾದರಿ, ಅದಕ್ಕೆ ಚಾವಣಿ ಕೊರೆಯಲೇಬೇಕು. ನಾನಂತೂ ಒಪ್ಪುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲದಂತೆ ಇರಬೇಕು. ನನ್ನ ಗಾಡಿಗೆ ವಯಸ್ಸಾಗಿದೆ, ಆ ಬಾಗಿಲು ಮುಚ್ಚಿಕೊಳ್ಳುವುದು ಬೇಡ.

ಈಗ ಇರುವುದು ಮೂರನೆಯದು. 87 ಸಿಸಿಯ ಕಂಪ್ರೆಸರ್, ಪ್ಯಾರಲಲ್ ಫ್ಲೋ ಕಂಡೆನ್ಸರ್, ಅಂದರೆ ಗ್ಯಾಸ್ ಒಟ್ಟಿಗೇ ಹಲವು ತೆಳು ಕೊಳವೆಗಳಲ್ಲಿ ಹರಿಯುವಂಥದ್ದು. ಎಸಿಯೊಳಗೆ ಸುತ್ತುವ ಆರ್-134ಎ ಗ್ಯಾಸಿಗೆ ಹಳೇ ಬಳಸು ಕೊಳವೆಯ ಕಂಡೆನ್ಸರಿಗಿಂತ ಇದೇ ವಾಸಿ. ಕಂಡೆನ್ಸರ್ ಮುಂದೆ ಕರೆಂಟಿನ ಫ್ಯಾನು. ಅದಕ್ಕಾಗಿ ಡೈನಮೋ ತೆಗೆದು ಸಾಧಾರಣ ಆಲ್ಟರ್ನೇಟರ್ ಹಾಕಿಸಿದೆ, ಹಳೆಯದನ್ನು ಎತ್ತಿಟ್ಟಿದ್ದೇನೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ರೆಸರ್ ತಾನೇ ಬಂದ್ ಆಗಲು ಒಂದು ಸಣ್ಣ ಸ್ವಿಚ್. ಘಟ್ಟದ ತಲೆನೋವು ಅಲ್ಲಿಗೆ ಮುಗಿಯಿತು.

ಉಳಿದದ್ದು ನಿಂತಾಗಿನ ತಲೆನೋವು. ಓಡುತ್ತಿದ್ದರೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಅಲ್ಲಾಡುತ್ತಿರಲಿಲ್ಲ. ಅಂಕೋಲೆ ಹತ್ತಿರ ಹಟ್ಟಿಕೇರಿ ಟೋಲಿನ ಸಾಲಿನಲ್ಲಿ ನಿಂತರೆ ಸಾಕು, ನೋಡನೋಡುತ್ತಾ 105 ಡಿಗ್ರಿ. ಮೆಕ್ಯಾನಿಕ್ ರೇಡಿಯೇಟರ್ ಕೋರ್ ಬದಲಿಸು ಅಂದ. ಕೊಳವೆಗಳ ಒಂದು ಸಾಲು ಜಾಸ್ತಿ ಇರುವ ಕೋರ್ ಹಾಕಿಸಿದ್ದಾಯಿತು. ಬಿಸಿಯಾಗುವುದು ಸ್ವಲ್ಪ ತಡವಾಯಿತು ಅಷ್ಟೇ. ರೇಡಿಯೇಟರ್ ಕ್ಯಾಪ್ ಬದಲಾಯಿತು. ಆಮೇಲೆ ಥರ್ಮೋಸ್ಟಾಟ್ (ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತು ಬಿಸಾಡೋಣ ಅಂದ, ಅದಕ್ಕೆ ಮಾತ್ರ ನಾನು ಬಿಡಲಿಲ್ಲ.

ಕೊನೆಗೆ ಕೈ ಹಿಡಿದದ್ದು ದೇವರ ಮನೆಯ ಊದುಬತ್ತಿ. ಗಾಡಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಹಚ್ಚಿದ ಊದುಬತ್ತಿಯನ್ನು ಗ್ರಿಲ್ ಮುಂದೆ ಹಿಡಿದೆ. ನಡುವೆ ಹಿಡಿದಾಗ ಹೊಗೆ ನೆಟ್ಟಗೆ ಒಳಗೆ ಹೋಯಿತು. ಬಲಗಡೆ ಕೆಳಮೂಲೆಗೆ ತಂದೆ. ಹೊಗೆ ನನ್ನ ಕಡೆಗೇ ತಿರುಗಿತು, ಅಂಚಿನಿಂದ ಹೊರಗೆ ಬಂದು, ಬಳುಕಿ, ಮತ್ತೆ ನಡುವಿನಿಂದ ಒಳಗೆ ನುಗ್ಗಿತು. ಅಲ್ಲಿ ಅಂಗೈ ಇಟ್ಟರೆ ಬಿಸಿಬಿಸಿ ಗಾಳಿ. ಅಂದರೆ ರೇಡಿಯೇಟರ್ ದಾಟಿ ಬಿಸಿಯಾದ ಗಾಳಿಯೇ ಪಕ್ಕದ ಸಂದಿಯಿಂದ ಸುತ್ತು ಹಾಕಿ ಮತ್ತೆ ಕಂಡೆನ್ಸರಿಗೆ ಬರುತ್ತಿತ್ತು. ಓಡುವಾಗ ಎದುರುಗಾಳಿ ಅದನ್ನು ಹಿಂದೆ ತಳ್ಳುತ್ತದೆ. ನಿಂತಾಗ ತಳ್ಳುವವರು ಯಾರೂ ಇಲ್ಲ. ಇದಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ತಂದರೂ ಏನು ಮಾಡೀತು?

ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ತಂದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ಸುತ್ತಲೂ ಮುಚ್ಚಿಸಿದೆ. ಇಬ್ಬದಿಯಲ್ಲೂ ಬಾಡಿಗೆ ತಾಗುವ ಹಾಗೆ ಫೋಮ್ ಪಟ್ಟಿ, ಕೆಳಗೊಂದು ರಬ್ಬರ್ ಹಾಳೆ. ಇಂಜಿನ್ ಫ್ಯಾನಿಗೆ ತಗಡಿನ ಗೂಡು ಮಾಡಿಸಿದೆ. ಗೂಡಿಲ್ಲದಿದ್ದರೆ ಫ್ಯಾನು ತನ್ನ ಎದುರಿನ ಅಷ್ಟಗಲದ ಗಾಳಿ ಮಾತ್ರ ಎಳೆಯುತ್ತದೆ, ರೇಡಿಯೇಟರಿನ ಮೂಲೆಗಳೆಲ್ಲ ದಂಡ. ಈಗ ಅದೇ ಟೋಲಿನಲ್ಲಿ ಮುಳ್ಳು 92ರ ಸುತ್ತ ನಿಂತಿರುತ್ತದೆ. ಮಾಡಿಸಿದ ಎಲ್ಲದರಲ್ಲೂ ಅತಿ ಅಗ್ಗದ ಕೆಲಸ ಇದೇ.

ಗ್ಯಾಸ್ ಮಾತ್ರ ತೂಕ ನೋಡಿ ಹಾಕಿಸಿ. "ತಣ್ಣಗಾಗುವ ತನಕ ಬಿಡೋಣ" ಅನ್ನುವವರ ಹತ್ತಿರ ಹೋಗಬೇಡಿ. ಹೆಚ್ಚಾದರೆ ಒತ್ತಡ ಏರಿ ಕಂಡೆನ್ಸರ್ ಇನ್ನಷ್ಟು ಕಾಯುತ್ತದೆ.

ಮೂರನೆಯದರಲ್ಲಿ ದೊಡ್ಡದರಷ್ಟು ತಂಪಿಲ್ಲ, ಅದು ನಿಜ. ಮಧ್ಯಾಹ್ನ ನಾಲ್ಕು ಜನ ಕೂತರೆ ಹಿಂದಿನವರಿಗೆ ಸಾಲುವುದಿಲ್ಲ. ಹೆಚ್ಚಾಗಿ ನಾನು, ಆಯಿ ಇಬ್ಬರೇ, ಬೆಳಿಗ್ಗೆ ಬೇಗ ಹೊರಡುವವರು, ನಮಗೆ ಧಾರಾಳ ಆಯಿತು. ಆಲ್ಟರ್ನೇಟರ್ ಸೇರಿ 45,000 ರೂಪಾಯಿ ಹತ್ತಿರ ಬಿತ್ತು. ನೀವು ಕಾರವಾರದಲ್ಲೇ ಇದ್ದು, ಘಟ್ಟ ಹತ್ತುವುದು ಅಪರೂಪ, ಮನೆಮಂದಿಯೆಲ್ಲ ಹತ್ತಿಕೊಂಡು ಹೋಗುವವರಾದರೆ 138 ಸಿಸಿಯದನ್ನೇ ಹಾಕಿಸಬಹುದು. ಆಗಲೂ ಫ್ಯಾನು, ತಗಡಿನ ಗೂಡು, ಬೀಡಿಂಗ್ ಬೇಕೇ ಬೇಕು.