ರಸ್ತೆ ಬದಿ ಮಲಗುವವರಿಗೆ ಹುಷಾರಿಲ್ಲದಿದ್ದರೆ: ನಮ್ಮ ಕ್ಲಿನಿಕ್ಕಾ, ದೊಡ್ಡಾಸ್ಪತ್ರೆಯಾ?

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಮಲಗುವ ಅಜ್ಜ ಒಬ್ಬರ ಕಾಲಿನ ಗಾಯ ಕೀವು ಕಟ್ಟಿತ್ತು. ಸುತ್ತಿದ್ದ ಹಳೇ ಪಂಚೆ ಚೂರು ಚರ್ಮಕ್ಕೇ ಅಂಟಿಕೊಂಡಿತ್ತು. ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಆವತ್ತು ನನಗೂ ಗೊತ್ತಾಗಲಿಲ್ಲ.

ಜ್ವರ, ಕೆಮ್ಮು, ಗಾಯ, ಬಿಪಿ, ಶುಗರ್ ಆದರೆ ‘ನಮ್ಮ ಕ್ಲಿನಿಕ್’ ಅನ್ನೋ ಸಣ್ಣ ಸರ್ಕಾರಿ ಕ್ಲಿನಿಕ್ಕೇ ವಾಸಿ. ರಾಜ್ಯದಲ್ಲಿ ಇವು ಶುರುವಾಗಿದ್ದು 2022ರ ಡಿಸೆಂಬರ್‌ನಲ್ಲಿ. ಡಾಕ್ಟರಿಗೂ ಮಾತ್ರೆಗೂ ದುಡ್ಡಿಲ್ಲ. ಜನ ಕಮ್ಮಿ, ಹಾಗಾಗಿ ಮೈ ವಾಸನೆ ಅಂತ ಪಕ್ಕದವರು ಮೂಗು ಮುಚ್ಚಿಕೊಂಡು ದೂರ ಸರಿಯುವುದೂ ಕಮ್ಮಿ. ಅಜ್ಜನಿಗೆ ಗಾಯಕ್ಕಿಂತ ಜಾಸ್ತಿ ಚುಚ್ಚುತ್ತಿದ್ದದ್ದು ಅದೇ. ಆದರೆ ಕ್ಲಿನಿಕ್ ಹಗಲು ಮಾತ್ರ. ಅಡ್ಮಿಟ್ ಮಾಡಿಕೊಳ್ಳುವುದಿಲ್ಲ.

ರಾತ್ರಿ ಹೊತ್ತು, ಉಸಿರು ಸಿಗದಿದ್ದರೆ, ಪ್ರಜ್ಞೆ ತಪ್ಪಿದರೆ ಸುಮ್ನೆ ಯೋಚಿಸುತ್ತಾ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ, ಹಾಸನದ ದೊಡ್ಡ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಹೋಗಿ. ಹಾಸಿಗೆ, ಎಕ್ಸ್‌ರೇ, ಆಪರೇಷನ್ ಎಲ್ಲ ಅಲ್ಲೇ. ಆದರೆ ದೊಡ್ಡ ಆಸ್ಪತ್ರೆ ಅಂದಮೇಲೆ ಚೀಟಿ ಒಂದು ಕಡೆ, ರಕ್ತ ಪರೀಕ್ಷೆ ಇನ್ನೊಂದು ಕಡೆ, ಜೊತೆಗೊಬ್ಬರು ಇರಲೇಬೇಕು ಅಲ್ವಾ?

ಕಾಗದಪತ್ರದ ಕಥೆ ಬೇರೆ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ವಿಳಾಸವೇ ಇಲ್ಲದವರ ಹತ್ತಿರ ಆ ಕಾರ್ಡ್ ಎಲ್ಲಿಂದ ಬರಬೇಕು? ಆದರೂ ಜೀವಕ್ಕೆ ಅಪಾಯ ಇರುವಾಗ ಸರ್ಕಾರಿಯಾಗಲಿ, ಖಾಸಗಿಯಾಗಲಿ, ಡಾಕ್ಟರ್ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಡ್ಡಿ ಮಾಡಿದರೆ ಅದನ್ನೇ ಹೇಳಿ.

ಅಜ್ಜನನ್ನು ನಾನು ಮೊದಲು ಕ್ಲಿನಿಕ್‌ಗೇ ಕರೆದುಕೊಂಡು ಹೋದೆ. ಬಟ್ಟೆ ನೆನೆಸಿ ನಿಧಾನಕ್ಕೆ ಬಿಡಿಸಿ, ಶುಗರ್ ನೋಡಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.