ಹುದ್ದೆ ನೋಡಿ ಶಿಫಾರಸು ಪತ್ರ ಕೇಳಬೇಡಿ

ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಲು ಹೊರಟಿರುವವರು ನನ್ನಂತೆ ಒಂದು ವರ್ಷ ಕಳೆದುಕೊಳ್ಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಐದು ಕಡೆ ಅರ್ಜಿ ಹಾಕಿದ್ದೆ. ಪ್ರತಿಯೊಂದಕ್ಕೂ ಮೂರು ಪತ್ರಗಳು ಬೇಕಿದ್ದವು. ಎರಡಕ್ಕೆ ನನಗೆ ಪಾಠ ಹೇಳಿದ ಅಧ್ಯಾಪಕರನ್ನೇ ಕೇಳಿಕೊಂಡೆ. ಮೂರನೆಯದಕ್ಕೆ ಮಾತ್ರ, ವರ್ಷವಿಡೀ ನನ್ನ ಪ್ರಾಜೆಕ್ಟಿಗೆ ಮಾರ್ಗದರ್ಶನ ನೀಡಿ ವರದಿಯನ್ನು ನಾಲ್ಕು ಸಲ ತಿದ್ದಿಸಿದ್ದ ಕಿರಿಯ ಅಧ್ಯಾಪಕಿಯನ್ನು ಬಿಟ್ಟು, ದೊಡ್ಡ ಹುದ್ದೆಯವರ ಸಹಿಗೆ ತೂಕ ಹೆಚ್ಚೆಂಬ ಲೆಕ್ಕಾಚಾರದಲ್ಲಿ ವಿಭಾಗದ ಮುಖ್ಯಸ್ಥರ ಬಳಿ ಹೋದೆ.

"ಆಗಲಿ, ನೋಡೋಣ, ಲಿಂಕ್ ಕಳಿಸು" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ. ಕೊನೆಯ ದಿನ ಡಿಸೆಂಬರ್ 15. ನಾನು ಕೇಳಿದ್ದು ಅದೇ ತಿಂಗಳ ಮೊದಲ ವಾರದಲ್ಲಿ. 14ರ ರಾತ್ರಿಯೂ ಪೋರ್ಟಲಿನಲ್ಲಿ ಅವರ ಹೆಸರಿನ ಮುಂದೆ 'ಬಾಕಿ' ಎಂದೇ ಇತ್ತು. ವಿಚಾರಿಸಿದರೆ, ಪತ್ರ ಸಲ್ಲಿಸಲು ಕಳಿಸಿದ್ದ ಲಿಂಕುಗಳೆಲ್ಲ ಅವರ ಇ-ಮೇಲ್ ಖಾತೆಯ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿದ್ದವು. ಮೂರು ಕಡೆಗೆ ಹೇಗೋ ಪತ್ರ ತಲುಪಿತು, ಎರಡು ಅರ್ಜಿಗಳು ಅಪೂರ್ಣವಾಗಿಯೇ ಉಳಿದವು.

ತಲುಪಿದ ಪತ್ರದಲ್ಲಿ ಏನಿತ್ತೆಂಬುದು ತಿಳಿದದ್ದು ಎಲ್ಲ ಕಡೆಯಿಂದ ನಿರಾಕರಣೆ ಬಂದ ಮೇಲೆ, ಬೇರೊಂದು ಕೆಲಸಕ್ಕೆಂದು ಅವರೇ ಅದರ ಪ್ರತಿಯನ್ನು ಕೈಗಿತ್ತಾಗ. ಅಂಕಪಟ್ಟಿಯಲ್ಲಿ ಇದ್ದದ್ದನ್ನೇ ಮೊದಲ ಪ್ಯಾರಾದಲ್ಲಿ ವಾಕ್ಯ ಮಾಡಿದ್ದರು. ಎರಡನೆಯದರಲ್ಲಿ ನನ್ನ ಹಾಜರಾತಿ ತೃಪ್ತಿಕರವಾಗಿತ್ತು, ಮತ್ತು ನಾನು 'ಅವಳು' ಆಗಿದ್ದೆ. ಯಾವ ವಿದ್ಯಾರ್ಥಿನಿಯ ಹಳೆಯ ಪತ್ರವೋ ಏನೋ. ಪ್ರಾಜೆಕ್ಟಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಿರಾಕರಣೆಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಇದರಿಂದ ಉಪಕಾರವಂತೂ ಆಗಿರಲಾರದು. ಪತ್ರದ ಜೊತೆಗೆ ಹಲವು ವಿಶ್ವವಿದ್ಯಾಲಯಗಳು, ಈ ವಿದ್ಯಾರ್ಥಿ ತರಗತಿಯ ಮೊದಲ ಶೇ. 5ರಲ್ಲಿ ಬರುತ್ತಾನೋ, ಶೇ. 10ರಲ್ಲೋ ಎಂದು ಗುರುತು ಹಾಕಿಸಿಕೊಳ್ಳುತ್ತವೆ; ನಮ್ಮನ್ನು ಅರಿಯದವರು ಪ್ರಾಮಾಣಿಕರಾಗಿದ್ದರೆ 'ಹೇಳಲಾರೆ' ಎಂಬಲ್ಲಿಯೇ ಗುರುತು ಹಾಕಬೇಕಾಗುತ್ತದೆ.

ಆದ್ದರಿಂದ "ಪತ್ರ ಕೊಡುತ್ತೀರಾ" ಎಂದಷ್ಟೇ ಕೇಳದೆ, "ನನ್ನ ಕೆಲಸದ ಬಗ್ಗೆ ವಿವರವಾಗಿ, ಒಳ್ಳೆಯ ಅಭಿಪ್ರಾಯ ಬರೆಯುವಷ್ಟು ನಿಮಗೆ ನನ್ನ ಪರಿಚಯವಿದೆಯೇ" ಎಂದು ಕೇಳಿ; ಉತ್ತರ ತಡವರಿಸಿದರೆ ವಂದಿಸಿ ಎದ್ದುಬನ್ನಿ. ಕನಿಷ್ಠ ಒಂದೂವರೆ ತಿಂಗಳು ಮೊದಲೇ ಹೋಗಿ, ಅಂಕಪಟ್ಟಿ, ಈ ಕೋರ್ಸು ಏಕೆ ಎಂದು ನೀವು ಬರೆದ ಉದ್ದೇಶ ಪತ್ರ ಮತ್ತು ಕೊನೆಯ ದಿನಾಂಕಗಳ ಪಟ್ಟಿಯನ್ನು ಒಟ್ಟಿಗೆ ಕೊಡಿ, ಲಿಂಕ್ ಕಳಿಸಿದ ದಿನವೇ ಅದು ತಲುಪಿತೇ ಎಂದು ಕೇಳಿ. "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎನ್ನುವವರನ್ನು ನಯವಾಗಿ ತಪ್ಪಿಸಿಕೊಳ್ಳುವುದೇ ಲೇಸು. ಪತ್ರವನ್ನು ಓದುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳಿದರೆ, ಸಾಮಾನ್ಯವಾಗಿ ಹೌದೆನ್ನುವುದು ರೂಢಿ, ಏಕೆಂದರೆ ಗೋಪ್ಯ ಪತ್ರಕ್ಕೆ ಹೆಚ್ಚು ನಂಬಿಕೆ. ನಂಬಬಹುದಾದವರನ್ನೇ ಆರಿಸಿಕೊಳ್ಳಬೇಕಾದದ್ದು ಅದಕ್ಕಾಗಿಯೇ.

ಈ ವರ್ಷ ಆ ಅಧ್ಯಾಪಕಿಯನ್ನೇ ಕೇಳಿಕೊಂಡಿದ್ದೇನೆ. ಒಪ್ಪುವ ಮೊದಲು ಅವರು ಪ್ರಾಜೆಕ್ಟ್ ವರದಿಯನ್ನೂ, ಯಾವ ಕೋರ್ಸು, ಏಕೆ ಎಂದು ನಾನೇ ಬರೆದ ಒಂದು ಪುಟವನ್ನೂ ತರಿಸಿಕೊಂಡು ಓದಿದರು.