ಬೀವರ್ ತೊಗಲು: ಚಾಕುವೋ ದಿಮ್ಮಿಯೋ, ಹಲಗೆಯೋ ಬಳೆಯೋ

ಬೀವರ್ ಎಂದರೆ ಹೊಳೆ, ಕೆರೆಗಳಲ್ಲಿ ಬಾಳುವ, ಇಲಿಯ ಬಳಗದ ದೊಡ್ಡ ಪ್ರಾಣಿ. ಅದರ ತೊಗಲನ್ನು ಮಾಂಸ, ಕೊಬ್ಬು ಇಲ್ಲದಂತೆ ಬಿಡಿಸಲು ಮೂರು ದಾರಿಗಳಿವೆ. ಬಿಡಿಸಿದ್ದನ್ನು ಎಳೆದು ಕಟ್ಟಿ ಒಣಗಿಸಲು ಎರಡು. ಐದನ್ನೂ ಕೈಯಾರೆ ಮಾಡಿ ನೋಡಿದ್ದೇನೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಇಲ್ಲಿನ ಹಳೆಯ ಟ್ರ್ಯಾಪರ್‌ಗಳು, ಅಂದರೆ ಬೋನು ಹಾಕಿ ಪ್ರಾಣಿ ಹಿಡಿಯುವವರು, ತಾವು ಕಲಿತ ದಾರಿಯನ್ನೇ ಹೇಳುತ್ತಾರೆ. ನನಗೆ ಅದು ಸಾಕಾಗಲಿಲ್ಲ. ತೊಗಲು ಕೊನೆಗೆ ಯಾರ ಕೈ ಸೇರುತ್ತದೆ ಎನ್ನುವುದನ್ನು ಮೊದಲು ನಿಶ್ಚಯಿಸಿಕೊಂಡರೆ ಮಾತ್ರ ಈ ಹೋಲಿಕೆಗೆ ಅರ್ಥವಿದೆ.

ನಾನಿರುವುದು ಕೆನಡಾದ ಉತ್ತರ ಒಂಟಾರಿಯೋದಲ್ಲಿ. ಇಲ್ಲಿ ಬೋನು ಹಾಕಬೇಕಾದರೆ ಮೊದಲು ಸರ್ಕಾರ ನಿಗದಿಪಡಿಸಿದ ಕೋರ್ಸ್ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಆಮೇಲೆ ಪರವಾನಗಿ. ಸ್ವಂತ ಟ್ರ್ಯಾಪ್‌ಲೈನ್, ಅಂದರೆ ಬೋನು ಹಾಕಲು ಗೊತ್ತುಮಾಡಿದ ಪ್ರದೇಶ, ನನಗಿಲ್ಲ. ಹಿರಿಯರೊಬ್ಬರ ನೋಂದಾಯಿತ ಲೈನಿನಲ್ಲಿ ಸಹಾಯಕನಾಗಿ ದುಡಿಯುತ್ತೇನೆ. ಬಳಸುವುದು ಹೆಚ್ಚಾಗಿ 330 ಅಳತೆಯ ಕೋನಿಬೇರ್ ಬೋನು. ಪ್ರಾಣಿ ನರಳದೆ ಬೇಗ ಸಾಯಲಿ ಎಂದು ಫ್ರ್ಯಾಂಕ್ ಕೋನಿಬೇರ್ ಎಂಬ ಕೆನಡಾದ ಟ್ರ್ಯಾಪರ್ ರೂಪಿಸಿದ ಬೋನು ಇದು. ಬೀವರ್ ಕಟ್ಟಿದ ಒಡ್ಡಿನಿಂದ ರಸ್ತೆ, ಹೊಲ, ರೈಲು ಹಳಿ ನೀರಲ್ಲಿ ಮುಳುಗುವುದು ಇಲ್ಲಿ ಪ್ರತಿ ವರ್ಷದ ಪಾಡು. ಆದ್ದರಿಂದ ಯಾರಾದರೂ ಅದನ್ನು ಹಿಡಿಯಲೇಬೇಕು. ಹಿಡಿದ ಮೇಲೆ ತೊಗಲು ಕೊಳೆತು ಹೋಗಲು ಬಿಡುವುದನ್ನು ನಾನು ಸಹಿಸಲಾರೆ. ಈ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಕಲಿತದ್ದಕ್ಕೆ ಅದೇ ಕಾರಣ.

ಮಿಂಕ್, ನೀರುನಾಯಿ, ಮಸ್ಕ್‌ರ‍್ಯಾಟ್ ಇವುಗಳ ತೊಗಲನ್ನು ಹಿಂಗಾಲಿನಿಂದ ಸೀಳಿ, ಮಗುವಿನ ಅಂಗಿಯನ್ನು ತಲೆಯ ಮೇಲಿಂದ ತೆಗೆದಂತೆ ಕೊಳವೆಯಾಗಿ ಎಳೆಯುತ್ತಾರೆ. ಬೀವರಿಗೆ ಆ ಕ್ರಮವಿಲ್ಲ. ಅದನ್ನು ಅಂಗಾತ ಮಲಗಿಸಿ, ಕೆಳದುಟಿಯಿಂದ ಗುದದವರೆಗೆ ಹೊಟ್ಟೆಯ ನಡುಗೆರೆಯಲ್ಲಿ ಒಂದೇ ಸೀಳು ಹಾಕಬೇಕು. ನಾಲ್ಕು ಪಾದಗಳನ್ನೂ ತುಪ್ಪಳ ಮುಗಿಯುವಲ್ಲಿ ಕತ್ತರಿಸಬೇಕು, ಬಾಲದ ಬುಡದಲ್ಲಿ ಸುತ್ತ ಗೀರಬೇಕು. ಕಾಲುಗಳ ಉದ್ದಕ್ಕೆ ಮಾತ್ರ ಚಾಕು ತಾಗಿಸುವಂತಿಲ್ಲ. ಕಾಲನ್ನು ಒಳಗಿನಿಂದ ಎಳೆದು ಹೊರತೆಗೆಯಬೇಕು, ಆಗ ತೊಗಲಿನಲ್ಲಿ ನಾಲ್ಕು ಸಣ್ಣ ತೂತುಗಳಷ್ಟೇ ಉಳಿಯುತ್ತವೆ. ಇಷ್ಟು ಎಲ್ಲ ದಾರಿಗೂ ಒಂದೇ. ತೊಡಕು ಶುರುವಾಗುವುದು ಆಮೇಲೆ. ಬೀವರಿನ ತೊಗಲು ಮೈಗೆ ಸಡಿಲವಾಗಿ ಅಂಟಿಕೊಂಡಿರುವುದಿಲ್ಲ. ಬೆನ್ನಿನ ಮೇಲೆ ದಪ್ಪ ಸ್ನಾಯುವಿನ ಹಾಳೆ, ಅದರ ಕೆಳಗೆ ಜಿಗುಟು ಪೊರೆ, ನಡುನಡುವೆ ನೆಣ. ಕೈ ಹಾಕಿ ಎಳೆದರೆ ಬರುವುದೇ ಇಲ್ಲ.

ಮೊದಲ ದಾರಿ, ಚಾಕುವಿನಲ್ಲೇ ಪೂರ್ತಿ ಬಿಡಿಸುವುದು. ಇಲ್ಲಿನವರು ಕ್ಲೀನ್ ಸ್ಕಿನ್ನಿಂಗ್ ಎನ್ನುತ್ತಾರೆ. ತೊಗಲಿನ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಚಾಕುವಿನ ಅಲಗನ್ನು ತೊಗಲಿಗೇ ಒರಗಿಸಿ, ಮಾಂಸ ಕೊಬ್ಬುಗಳೆಲ್ಲ ಹೆಣದ ಮೇಲೆಯೇ ಉಳಿಯುವಂತೆ ಗೇಣು ಗೇಣಾಗಿ ಬಿಡಿಸುತ್ತ ಹೋಗಬೇಕು. ಮುಗಿದಾಗ ತೊಗಲು ಬಿಳಿಯಾಗಿ, ಮೊಳೆ ಹೊಡೆಯಲು ಸಿದ್ಧವಾಗಿರುತ್ತದೆ. ಪಳಗಿದ ಕೈಗೂ ದೊಡ್ಡ ಬೀವರಿಗೆ ಅರ್ಧ ಗಂಟೆ ಬೇಕು, ಹೊಸಬರಿಗೆ ಅದರ ಎರಡರಷ್ಟು. ಚಾಕು ಚರ್ಮ ಕೊಯ್ಯುವಷ್ಟು ಹರಿತವಾಗಿರಲೇಬೇಕು, ನಡುನಡುವೆ ಮಸೆಯುತ್ತಿರಬೇಕು. ಮೊಂಡು ಚಾಕುವಿಗೆ ಬಲ ಹಾಕುತ್ತೇವೆ, ಬಲ ಹಾಕಿದಾಗಲೇ ಜಾರುತ್ತದೆ.

ಈ ದಾರಿಯಲ್ಲಿ ನನಗೆ ತುಂಬ ಹಿಡಿಸಿದ್ದು, ಕಣ್ಣೆದುರಿಗೇ ತೊಗಲಿನ ಸ್ವಭಾವ ತಿಳಿಯುತ್ತ ಹೋಗುವುದು. ಹೊಟ್ಟೆಯ ಕಡೆ ಅದು ತೆಳು, ಅಲಗು ಬಹುತೇಕ ಮಲಗಿರಬೇಕು. ಬೆನ್ನಿನ ಕಡೆ ದಪ್ಪ, ಸ್ವಲ್ಪ ಧೈರ್ಯ ಮಾಡಬಹುದು. ಮುಂಗಾಲಿನ ಹಿಂದೆ ಕಂಕುಳಲ್ಲಿ ಪೊರೆಗಳು ಒಂದರ ಮೇಲೊಂದು ಮಡಿಚಿಕೊಂಡು ದಾರಿ ತಪ್ಪಿಸುತ್ತವೆ. ಕಿವಿಯನ್ನು ತಲೆಬುರುಡೆಗೆ ಹತ್ತಿರದಲ್ಲೇ ಕತ್ತರಿಸಬೇಕು, ಕಣ್ಣಿನ ಬಳಿ ಇನ್ನೂ ಹತ್ತಿರ. ಇನ್ನೊಂದು ಲಾಭವಿದೆ: ಕೊಬ್ಬೆಲ್ಲ ಹೆಣದ ಮೇಲೆ ಉಳಿಯುವುದರಿಂದ ತುಪ್ಪಳಕ್ಕೆ ಎಣ್ಣೆ ಹತ್ತುವುದೇ ಇಲ್ಲ. ಮನೆಯ ಗರಾಜಿನಲ್ಲಿ, ಒಂದು ಮೇಜಿನ ಮೇಲೆ ಕೆಲಸ ಮುಗಿಯುತ್ತದೆ. ಆದರೆ ಚಾಕು ತಾಗಿ ಬೀಳುವ ಸಣ್ಣ ಗೀರೂ ಎಳೆದು ಕಟ್ಟಿದಾಗ ಕಣ್ಣಿನಾಕಾರದ ತೂತಾಗಿ ತೆರೆದುಕೊಳ್ಳುತ್ತದೆ. ತೂತಾಗದೆ ಬರೀ ಒಳಗೆ ಕೊರೆದಿದ್ದರೂ ಸಾಕು, ಹದ ಮಾಡುವಾಗ ಅಲ್ಲೇ ಹರಿಯುತ್ತದೆ.

ಎರಡನೆಯದು ದಿಮ್ಮಿಯ ದಾರಿ. ಹೆಣದಿಂದ ತೊಗಲನ್ನು ಮಾಂಸ, ನೆಣ, ಸ್ನಾಯು ಎಲ್ಲ ಸೇರಿದಂತೆ ಹತ್ತು ಹದಿನೈದು ನಿಮಿಷದಲ್ಲಿ ಒರಟಾಗಿ ಬಿಡಿಸಿಕೊಳ್ಳುವುದು, ಆಮೇಲೆ ಸೊಂಟದೆತ್ತರಕ್ಕೆ ಓರೆಯಾಗಿ ನಿಲ್ಲಿಸಿದ ನುಣುಪಾದ ಮರದ ದಿಮ್ಮಿಯ ಮೇಲೆ ಹಾಸಿ, ಎರಡೂ ತುದಿಗೆ ಹಿಡಿಯಿರುವ ಉದ್ದನೆಯ ಕತ್ತಿಯಿಂದ ಹೆರೆಯುವುದು. ತೊಗಲಿನ ಅಂಚನ್ನು ಹೊಟ್ಟೆಯಿಂದ ದಿಮ್ಮಿಗೆ ಒತ್ತಿ ಹಿಡಿದು ಎರಡೂ ಕೈಯಿಂದ ಕತ್ತಿಯನ್ನು ಮುಂದಕ್ಕೆ ತಳ್ಳಿದರೆ ನೆಣ ಹಾಳೆಹಾಳೆಯಾಗಿ ಎದ್ದುಬರುತ್ತದೆ. ನಡುಬೆನ್ನಲ್ಲಿ ಒಂದು ಪಟ್ಟಿ ತೆರವು ಮಾಡಿಕೊಂಡು ಅಲ್ಲಿಂದ ಎರಡೂ ಬದಿಗೆ ಸಾಗುವುದು ನನಗೆ ಒಗ್ಗಿದ ಕ್ರಮ.

ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ವಸಂತದ ಹೊತ್ತಿಗೆ ಒಂದೇ ದಿನ ಹಲವು ಬೀವರ್ ಬಂದಾಗ ಚಾಕು ಹಿಡಿದು ಕೂತರೆ ಕೊನೆಯದರ ಸರದಿ ಬರುವಷ್ಟರಲ್ಲಿ ಹೊಟ್ಟೆಯ ಭಾಗ ಹಸಿರು ತಿರುಗಿ ಕೂದಲು ಕಿತ್ತುಬರುತ್ತದೆ. ಆಗ ದಿಮ್ಮಿಯೇ ದಾರಿ. ಒರಟಾಗಿ ಬಿಡಿಸಿದ ತೊಗಲನ್ನು ಸುತ್ತಿ ಫ್ರೀಜರಿನಲ್ಲಿಟ್ಟು ಬಿಡುವಾದಾಗ ಹೆರೆಯಬಹುದು ಎನ್ನುವುದೂ ದೊಡ್ಡ ಅನುಕೂಲ. ಆದರೆ ಇದಕ್ಕೆ ಪೂರ್ವಸಿದ್ಧತೆ ಹೆಚ್ಚು. ತುಪ್ಪಳದಲ್ಲಿ ಒಂದು ಮುಳ್ಳುಕಾಯಿ, ಕೆಸರಿನ ಗಂಟು, ಐಸಿನ ಹರಳು ಉಳಿದಿದ್ದರೂ ಅದು ಕೆಳಗಿನಿಂದ ತೊಗಲನ್ನು ಎತ್ತಿಹಿಡಿಯುತ್ತದೆ, ಕತ್ತಿ ಆ ಉಬ್ಬನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಆದ್ದರಿಂದ ಸುಲಿಯುವ ಮೊದಲೇ ಬೀವರನ್ನು ನೀರಲ್ಲಿ ಜಾಲಿಸಿ, ಒಣಗಿಸಿ, ಬಾಚಿಡಬೇಕು. ಕೊಬ್ಬು ಜಾರಿ ತುಪ್ಪಳಕ್ಕೆ ಹತ್ತಿದರೆ ಮರದ ಹೊಟ್ಟು ಉದುರಿಸಿ ಉಜ್ಜಬೇಕು. ಸೊಂಟ, ಭುಜಕ್ಕೆ ಬೀಳುವ ಪೆಟ್ಟು ಬೇರೆ.

ಮೂರನೆಯದು ಪ್ರೆಷರ್ ವಾಷರ್. ಕಾರು ತೊಳೆಯುವ ಅದೇ ಯಂತ್ರಕ್ಕೆ ಸುತ್ತುವ ಮೂತಿ ಹಾಕಿ, ತೊಗಲನ್ನು ಹಲಗೆಗೆ ಬಿಗಿದು, ನೀರಿನ ಹೊಡೆತದಿಂದಲೇ ನೆಣವನ್ನು ಕಿತ್ತುಹಾಕುವುದು. ಬೀವರಿನ ಚರ್ಮ ಗಟ್ಟಿಯಾದ್ದರಿಂದ ತಡೆದುಕೊಳ್ಳುತ್ತದೆ. ಚಾಕುವಿನ ಗೀರು ಬೀಳುವ ಭಯವೇ ಇಲ್ಲ, ತುಪ್ಪಳವೂ ತೊಳೆದು ಸ್ವಚ್ಛವಾಗುತ್ತದೆ. ಏಪ್ರಿಲ್‌ನಲ್ಲಿ ಅಂಗಳದಲ್ಲಿ ಮಾಡಿದಾಗ ಬಂದ ತೊಗಲು ನೋಡಿ ಸಂತೋಷವಾಯಿತು. ಆದರೆ ಜನವರಿಯಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ನೀರು ಚಿಮ್ಮಿಸುವುದೆಲ್ಲಿ? ಪೈಪೇ ಹೆಪ್ಪುಗಟ್ಟುತ್ತದೆ. ನೆನೆದ ತುಪ್ಪಳ ಒಣಗಲು ಇನ್ನೊಂದು ದಿನ. ಹೊಟ್ಟೆಯಂಚಿನಲ್ಲಿ ಮೂತಿಯನ್ನು ಒಂದು ಕ್ಷಣ ನಿಲ್ಲಿಸಿದರೂ ತೊಗಲು ನಾರುನಾರಾಗುತ್ತದೆ. ಸುತ್ತಲೂ ನೆಣದ ತುಂತುರು. ಬೀವರಿಗೆ ಟುಲರೀಮಿಯಾ ಎಂಬ ರೋಗ ಇರಬಹುದು, ಅದು ಮನುಷ್ಯರಿಗೂ ತಗಲುತ್ತದೆ. ಯಾವ ದಾರಿಯಲ್ಲೂ ಕೈಗವಸು ಬಿಡಬಾರದು, ಈ ದಾರಿಯಲ್ಲಿ ಮೂಗು, ಬಾಯಿ, ಕಣ್ಣನ್ನೂ ಮುಚ್ಚಿಕೊಳ್ಳಬೇಕು.

ಈಗ ಕೊಳ್ಳುವವರ ಮಾತು. ಇಲ್ಲಿಯ ತೊಗಲು ಹೆಚ್ಚಾಗಿ ನಾರ್ತ್ ಬೇ ಊರಿನ ಫರ್ ಹಾರ್ವೆಸ್ಟರ್ಸ್ ಹರಾಜಿಗೆ ಹೋಗುತ್ತದೆ. ಬೀವರಿಗೆ ಅಲ್ಲಿ ಎರಡು ಬಗೆಯ ಗಿರಾಕಿ. ಒಬ್ಬರು ತುಪ್ಪಳದ ಉಡುಪು ಮಾಡುವವರು. ಅವರಿಗೆ ತೊಗಲೂ ಬೇಕು ತುಪ್ಪಳವೂ ಬೇಕು, ತೂತಿದ್ದರೆ ಬೆಲೆ ಇಳಿಯುತ್ತದೆ. ಇನ್ನೊಬ್ಬರು ಫೆಲ್ಟ್ ಟೋಪಿಯವರು. ಅವರು ತುಪ್ಪಳವನ್ನು ಚರ್ಮದಿಂದ ಕತ್ತರಿಸಿ ತೆಗೆದು, ಒತ್ತಿ, ಟೋಪಿಯ ಬಟ್ಟೆ ಮಾಡುತ್ತಾರೆ. ಅಮೆರಿಕದ ದುಬಾರಿ ಕೌಬಾಯ್ ಟೋಪಿಗಳು ಇದರದ್ದೇ. ಅವರಿಗೆ ಚರ್ಮದ ತೂತು ಅಷ್ಟು ದೊಡ್ಡ ದೋಷವಲ್ಲ, ಒಳತುಪ್ಪಳ ದಟ್ಟವಾಗಿ, ಎಣ್ಣೆ ಹತ್ತದೆ ಇರಬೇಕು. ಬೀವರಿನ ಒಳಗೂದಲಿನ ಎಳೆಗೆ ಸೂಕ್ಷ್ಮವಾದ ಕೊಕ್ಕೆಗಳಿವೆ, ಒಂದಕ್ಕೊಂದು ಸಿಕ್ಕಿಕೊಂಡು ಬಿಡದಂತೆ ಬೆಸೆಯುತ್ತವೆ. 1670ರಲ್ಲಿ ತುಪ್ಪಳ ವ್ಯಾಪಾರದ ಹಡ್ಸನ್ ಬೇ ಕಂಪನಿ ಹುಟ್ಟಿದ್ದರ ಹಿಂದೆ ಇದ್ದದ್ದು ಯುರೋಪಿನ ಈ ಟೋಪಿಯ ಆಸೆಯೇ. ಆ ಕಾಲದಲ್ಲಿ ಮೂಲನಿವಾಸಿಗಳು ಹೊದ್ದು ಸವೆಸಿದ ಬೀವರ್ ನಿಲುವಂಗಿಗೆ ಹೊಸ ತೊಗಲಿಗಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಮೈಗೆ ಉಜ್ಜಿ ಉಜ್ಜಿ ಮೇಲಿನ ಒರಟು ಕೂದಲು ಉದುರಿ ಒಳತುಪ್ಪಳ ಮಾತ್ರ ಉಳಿದಿರುತ್ತಿತ್ತು, ಟೋಪಿಯವರಿಗೆ ಅರ್ಧ ಕೆಲಸ ಮುಗಿದಂತೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಚಳಿಗಾಲದ ಕೊನೆಗೆ ಸಿಗುವ ದಟ್ಟ ತುಪ್ಪಳದ ದೊಡ್ಡ ಬೀವರ್ ಉಡುಪಿಗೆ ಯೋಗ್ಯ, ಅದಕ್ಕೆ ಚಾಕುವಿನ ತಾಳ್ಮೆ ಸಲ್ಲಬೇಕು. ಶರತ್ಕಾಲದಲ್ಲಿ ರಸ್ತೆ ಉಳಿಸಲೆಂದು ಹಿಡಿದ, ಒಳಚರ್ಮ ಇನ್ನೂ ನೀಲಿಛಾಯೆಯಲ್ಲಿರುವ ಬೀವರಿನ ತುಪ್ಪಳ ಪೂರ್ತಿ ಬಲಿತಿರುವುದಿಲ್ಲ. ಅದು ಟೋಪಿಗೇ ಹೋಗುವುದು, ದಿಮ್ಮಿಯೇ ಸಾಕು. ಮರಿಗಳ ತೊಗಲು ಮಾತ್ರ ಎಷ್ಟು ತೆಳುವೆಂದರೆ ದಿಮ್ಮಿಯ ಕತ್ತಿಯನ್ನು ಅದರ ಹತ್ತಿರ ತರುವುದಕ್ಕೂ ನನಗೆ ಮನಸ್ಸಿಲ್ಲ. ಪ್ರೆಷರ್ ವಾಷರ್ ಏಪ್ರಿಲ್‌ಗೆ ಮಾತ್ರ.

ಒಣಗಿಸುವ ಹೋಲಿಕೆ ಇದಕ್ಕಿಂತ ಸರಳ. ಹಲಗೆ ಎಂದರೆ 4 ಅಡಿ ಚೌಕದ ಪ್ಲೈವುಡ್, ಅದರ ಮೇಲೆ ಒಂದರೊಳಗೊಂದು ಬರೆದ ಮೊಟ್ಟೆಯಾಕಾರದ ಗೆರೆಗಳು. ತುಪ್ಪಳ ಹಲಗೆಯ ಕಡೆ, ಚರ್ಮ ಹೊರಕ್ಕೆ. ಮೂಗಿಗೊಂದು, ಬಾಲದ ಬುಡಕ್ಕೊಂದು ಮೊಳೆ ಹೊಡೆದು, ಎರಡೂ ಬದಿಯನ್ನು ಸಮನಾಗಿ ಎಳೆದು, ಆಮೇಲೆ ಸುತ್ತಲೂ ಹೆಚ್ಚು ಕಡಿಮೆ ಅಂಗುಲಕ್ಕೊಂದರಂತೆ ಮೊಳೆ. ಎಲ್ಲ ಮುಗಿದ ಮೇಲೆ ತೊಗಲನ್ನು ಮೊಳೆಗಳ ಮೇಲೇ ಸ್ವಲ್ಪ ಮುಂದಕ್ಕೆ ಎಳೆದು ಹಲಗೆಯಿಂದ ಎತ್ತಿ ನಿಲ್ಲಿಸಬೇಕು. ಹಿಂದೆ ಗಾಳಿ ಆಡದಿದ್ದರೆ ತುಪ್ಪಳ ಮುಗ್ಗುತ್ತದೆ. ಕಾಲಿನ ತೂತುಗಳನ್ನು ಮೊಳೆ ಹೊಡೆದೋ ಹೊಲಿದೋ ಮುಚ್ಚಬೇಕು.

ಬಳೆ ಎಂದರೆ ಹಸಿ ವಿಲ್ಲೋ ಕೊಂಬೆಯನ್ನು ಬಗ್ಗಿಸಿ ಕಟ್ಟಿದ ದೊಡ್ಡ ವೃತ್ತ. ತೊಗಲಿನ ಅಂಚಿಗೆ ತೂತು ಹಾಕಿ, ಹುರಿಯಿಂದ ಬಳೆಗೆ ಸುತ್ತ ಬಿಗಿಯುತ್ತ ಬರುವುದು. ಕ್ರೀ ಮತ್ತಿತರ ಮೂಲನಿವಾಸಿ ಜನರ ಹಳೆಯ ಕ್ರಮ ಇದು. ನನಗೆ ಇದನ್ನು ತೋರಿಸಿಕೊಟ್ಟವರು ಕ್ರೀ ಸಮುದಾಯದ ಹಿರಿಯ ಹೆಂಗಸು. ಅವರ ಕೈಯಲ್ಲಿ ಹುರಿ ಎಲ್ಲೂ ಸಡಿಲವಾಗದೆ, ಎಲ್ಲೂ ಹೆಚ್ಚು ಬಿಗಿಯದೆ ಸುತ್ತಿದ ಬಗೆಯನ್ನು ನಾನಿನ್ನೂ ಕಲಿಯುತ್ತಲೇ ಇದ್ದೇನೆ. ಎರಡೂ ಬದಿಗೆ ಗಾಳಿ ಆಡುವುದರಿಂದ ಬಳೆಯಲ್ಲಿ ತೊಗಲು ಹಲಗೆಗಿಂತ ಬೇಗ, ಒಂದೇ ಸಮನಾಗಿ ಒಣಗುತ್ತದೆ. ಸಡಿಲಾದಲ್ಲಿ ಹುರಿಯನ್ನು ಮತ್ತೆ ಬಿಗಿಯಬಹುದು. ಮೊಳೆಯಲ್ಲಿ ಆ ಅವಕಾಶ ಕಡಿಮೆ. ಮರ ಕಾಡಿನಲ್ಲೇ ಸಿಗುತ್ತದೆ, ಖರ್ಚಿಲ್ಲ.

ಆದರೂ ಹರಾಜಿಗೆ ಹೋಗುವ ತೊಗಲಿಗೆ ನಾನು ಹಲಗೆಯನ್ನೇ ಆರಿಸುತ್ತೇನೆ. ಅಲ್ಲಿ ಬೀವರನ್ನು ಉದ್ದ ಮತ್ತು ಅಗಲ ಕೂಡಿಸಿ ಅಂಗುಲದಲ್ಲಿ ಅಳೆಯುತ್ತಾರೆ. ಉದ್ದ 35, ಅಗಲ 30 ಇದ್ದರೆ 65, ಅದು ಕಂಬಳಿ ಎಂದು ಕರೆಸಿಕೊಳ್ಳುವ ದೊಡ್ಡ ತೊಗಲಿನ ಸಾಲಿಗೆ ಸೇರುತ್ತದೆ. ಗೆರೆ ಬರೆದ ಹಲಗೆಯಲ್ಲಿ ಅಳತೆ, ಆಕಾರ ಎರಡೂ ತಪ್ಪುವುದಿಲ್ಲ, ಒಂದೇ ಕಟ್ಟಿನಲ್ಲಿ ಹತ್ತು ತೊಗಲು ಜೋಡಿಸಿದರೆ ಎಲ್ಲವೂ ಹೊಂದಿಕೊಳ್ಳುತ್ತವೆ. ದೊಡ್ಡ ಗೆರೆ ಮುಟ್ಟಿಸಬೇಕೆಂದು ಜಗ್ಗಿ ಎಳೆಯುವ ಚಪಲ ಮಾತ್ರ ಬೇಡ. ಎಳೆದಷ್ಟೂ ಕೂದಲ ನಡುವಿನ ಅಂತರ ಹೆಚ್ಚಿ ತುಪ್ಪಳ ತೆಳುವಾಗುತ್ತದೆ, ದರ್ಜೆ ಗೊತ್ತುಮಾಡುವ ಗ್ರೇಡರ್ ಕೈಯಾಡಿಸಿದ ಕೂಡಲೇ ಅದು ಗೊತ್ತಾಗುತ್ತದೆ. ಬಳೆಯ ತೊಗಲು ದುಂಡಗಿರುತ್ತದೆ, ಅಂಚು ಅಲೆಅಲೆಯಾಗಿರುತ್ತದೆ. ಮನೆಯಲ್ಲೇ ಹದ ಮಾಡಿ ಕೈಗವಸು, ಟೋಪಿ ಹೊಲಿಯುವವರಿಗೆ, ಗೋಡೆಗೆ ತೂಗುಹಾಕುವವರಿಗೆ ಬಳೆಯೇ ಚೆನ್ನ. ನನ್ನ ಕೈಗವಸಿನ ತೊಗಲು ಬಳೆಯಲ್ಲೇ ಒಣಗಿದ್ದು.

ಎರಡಕ್ಕೂ ತಂಪಾದ, ಗಾಳಿಯಾಡುವ ಕೋಣೆ ಬೇಕು. 15ರಿಂದ 18 ಡಿಗ್ರಿ ಹಿತ. ಒಲೆಯ ಪಕ್ಕ ಇಟ್ಟರೆ ಉಳಿದ ನೆಣ ಕರಗಿ ಚರ್ಮವನ್ನು ಸುಡುತ್ತದೆ. ಮೊದಲ ದಿನ ಮೇಲೆ ಒಸರುವ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತಿರಬೇಕು. ಸುಮಾರು ಒಂದು ವಾರದಲ್ಲಿ ತೊಗಲು ಗಟ್ಟಿಯಾಗುತ್ತದೆ.

ಹೊಟ್ಟೆಯ ಕೆಳಭಾಗದ, ವಾಸನೆಯ ದ್ರವ್ಯ ತುಂಬಿದ ಎರಡು ಕ್ಯಾಸ್ಟರ್ ಗ್ರಂಥಿಗಳನ್ನು ಯಾವ ದಾರಿ ಹಿಡಿದರೂ ಮರೆಯಬಾರದು. ಅವನ್ನು ಒಡೆಯದಂತೆ ಜೋಡಿಯಾಗಿಯೇ ಬಿಡಿಸಿ, ದಾರಕ್ಕೆ ಕಟ್ಟಿ ನೆರಳಲ್ಲಿ ಒಣಗಿಸಿದರೆ ಸುಗಂಧದ್ರವ್ಯದವರು, ಬೋನಿನ ಆಮಿಷ ಮಾಡುವವರು ಕೊಳ್ಳುತ್ತಾರೆ. ತೊಗಲಿನ ಬೆಲೆ ಬಿದ್ದ ವರ್ಷ ಇದೇ ಕೈಹಿಡಿಯುತ್ತದೆ. ಇಲ್ಲಿ ಚಾಕುವೇ ಮೇಲು. ನಿಧಾನವಾಗಿ ಬಿಡಿಸುತ್ತ ಬಂದಾಗ ಗ್ರಂಥಿ ಎಲ್ಲಿದೆ ಎಂದು ಕಣ್ಣಿಗೆ ಮೊದಲೇ ಬೀಳುತ್ತದೆ, ಅವಸರದ ಕೈ ಅದನ್ನು ಕೊಯ್ದುಬಿಡುತ್ತದೆ.

ಹೊಸದಾಗಿ ಶುರು ಮಾಡುವವರು ಮೊದಲು ಬಾಗಿದ ಅಲಗಿನ ಒಂದು ಒಳ್ಳೆಯ ಚಾಕು, ಸಾಣೆಕಲ್ಲು, ಗೆರೆ ಬರೆದ ಎರಡು ಹಲಗೆ ಮಾಡಿಕೊಳ್ಳಿ. ಒಂದು ಚಳಿಗಾಲ ಚಾಕುವಿನಲ್ಲೇ ಸುಲಿಯಿರಿ. ತೊಗಲು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬೆರಳಿಗೆ ಗೊತ್ತಾದ ಮೇಲೆ ದಿಮ್ಮಿ ಮತ್ತು ಎರಡು ಹಿಡಿಯ ಕತ್ತಿಗೆ ದುಡ್ಡು ಹಾಕಿ. ಪ್ರೆಷರ್ ವಾಷರ್ ಮನೆಯಲ್ಲಿ ಆಗಲೇ ಇದ್ದರೆ ವಸಂತದಲ್ಲಿ ಬಳಸಿ ನೋಡಿ, ಇದಕ್ಕೆಂದೇ ಕೊಳ್ಳಬೇಡಿ.